ಮೂರನೆಯ ಕಾಗದ

ಮೀಟರಿನ ಮುಳ್ಳು ಸೊನ್ನೆಯ ಮೇಲೆ ಕೂತದ್ದು ಕೂತೇ ಇತ್ತು. ರಿಫಾತ್ ಅದನ್ನು ಒಮ್ಮೆ ಕುಲುಕಿದ, ಅಂಗೈಯಿಂದ ತಟ್ಟಿದ, ಸಿ ಸಾಲಿನ ಮೊದಲನೇ ಮನೆಯ ಕಿಟಕಿಯೊಳಕ್ಕೆ ಅದರ ಕೊಳವೆ ತೂರಿಸಿ ಮತ್ತೆ ನೋಡಿದ. ಸೊನ್ನೆ. ತಲೆಯ ಮೇಲೆ ಸೈರನ್ನು ಮಾತ್ರ ಊರು ಮುಳುಗಿದ ಹಾಗೆ ಅರಚುತ್ತಿತ್ತು. ಹತ್ತೂ ಇಪ್ಪತ್ತಕ್ಕೆ ಈ ಸಾಲಿನಿಂದ ಒಬ್ಬಾಕೆ ಫೋನು ಮಾಡಿ ಮನೆ ತುಂಬ ಕೊಳೆತ ವಾಸನೆ ಅಂದಿದ್ದಳು. ಗ್ಯಾಸ್ ಕಂಪನಿಯ ಕಾಂಪೌಂಡಿನಲ್ಲಿ ಅಷ್ಟು ಹೇಳಿದರೆ ಸಾಕು, ಎರಡನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನೆಲದೊಳಗಿಂದ ಬರುವ ಕೆಟ್ಟ ಗ್ಯಾಸಿಗೂ ಕೊಳೆತ ಮೊಟ್ಟೆಯ ವಾಸನೆಯೇ. ಜಾಸ್ತಿಯಾದರೆ ನಾಲ್ಕು ಉಸಿರಿಗೆ ಆಸಾಮಿ ಹೋದ. ಅದನ್ನು ಹುಡುಕಿ ಹಿಡಿಯುವುದೇ ಎಂಟು ವರ್ಷದಿಂದ ರಿಫಾತನ ಕೆಲಸ.

ಪಕ್ಕದಲ್ಲಿ ಅವನ ಮೇಲಧಿಕಾರಿ ಗಿಲ್‌ಕ್ರಿಸ್ಟ್, ಸ್ಕಾಟ್ಲೆಂಡಿನ ಆರಡಿ ಮನುಷ್ಯ, ಮುಖವಾಡದೊಳಗಿಂದಲೇ ಗೊಣಗಿದ. "ನಿಮ್ಮ ಮೀಟರ್ ಕೆಟ್ಟಿದೆ."

"ನಿಮ್ಮದು ಎಷ್ಟು ತೋರಿಸ್ತಿದೆ ಸರ್?"

"ಸೊನ್ನೆ. ನನ್ನದೂ ಕೆಟ್ಟಿದೆ."

ರಿಫಾತನ ಮುಖವಾಡದ ಪಟ್ಟಿ ಸಡಿಲಾಗಿತ್ತು. ಬಿಗಿ ಮಾಡಲೆಂದು ಒಂದು ಗಳಿಗೆ ಎತ್ತಿದ. ಅಷ್ಟು ಸಂದೇ ಸಾಕಾಯಿತು. ವಾಸನೆ ಮೂಗಿಗೆ ಹೊಕ್ಕು ನೆತ್ತಿಗೇರಿತು, ಅದರ ಹಿಂದೆಯೇ ಅವನ ಬಾಯಲ್ಲಿ ನೀರೂರಿತು. ಗ್ಯಾಸಿಗೆ ಯಾರ ಬಾಯಲ್ಲೂ ನೀರೂರುವುದಿಲ್ಲ. ಇದು ಮೀನು. ಹೊಟ್ಟೆ ತುಂಬ ಉಪ್ಪು ಗಿಡಿದು, ಡಬ್ಬದ ಬಾಯಿ ಕಟ್ಟಿ, ವಾರಗಟ್ಟಲೆ ಕತ್ತಲಲ್ಲಿ ಹುಳಿಯಲು ಬಿಟ್ಟ ಮೀನು. ಈಜಿಪ್ಟಿನವರು ಫಸೀಖ್ ಅನ್ನುತ್ತಾರೆ. ವಸಂತದ ಹಬ್ಬದ ಸೋಮವಾರ ಅದಿಲ್ಲದಿದ್ದರೆ ಅವರಿಗೆ ಹಬ್ಬವೇ ಅಲ್ಲ. ಇವತ್ತು ಅದೇ ಸೋಮವಾರ. ಈ ಕಾಂಪೌಂಡಿನ ಇನ್ನೂರು ಮನೆಗಳಲ್ಲಿ, ನಬರೋಹ್ ಊರಿನಲ್ಲಿ ಹುಟ್ಟಿ ಫಸೀಖ್ ಹಾಕುವುದರಲ್ಲಿ ಹತ್ತೂರಿಗೆ ಹೆಸರಾದ ಹೆಂಗಸು ಒಬ್ಬಳೇ. ಅವಳು ರಿಫಾತನ ತಾಯಿ ತಫೀದಾ.

"ಮುಖವಾಡ ಹಾಕ್ಕೊಳ್ಳಿ" ಎಂದು ಗಿಲ್‌ಕ್ರಿಸ್ಟ್ ಗದರಿದ. ರಿಫಾತ್ ಹಾಕಿಕೊಂಡ. ಊರಿಗೆಲ್ಲ ಗ್ಯಾಸಿನ ಪಾಠ ಹೇಳುವವನ ಮನೆಯಿಂದಲೇ ಇಂಥ ವಾಸನೆ ಎದ್ದರೆ ಇನ್ನೇನು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಕಂಪನಿಯ ಮನೆ ಅಂದರೆ ಬರೀ ಗೋಡೆ ಚಾವಣಿಯಲ್ಲ. ಸೌದಿಯ ಈ ತೀರಕ್ಕೆ ಬಂದ ಮೊದಲ ನಾಲ್ಕು ವರ್ಷ ರಿಫಾತ್ ಬ್ಯಾಚುಲರ್ ಕ್ಯಾಂಪಿನಲ್ಲಿ ಕಳೆದಿದ್ದ. ಒಂದು ಕೋಣೆ, ಒಂದು ಮಂಚ, ಮೆಸ್ಸಿನ ಊಟ, ಎರಡು ವರ್ಷಕ್ಕೊಮ್ಮೆ ರಜೆ. ಹೆಂಡತಿ ಬುಸೈನಾ ಊರಿನಲ್ಲಿ. ಮಗಳು ರಿಹಾಮಳನ್ನು ಎಳೆಗೂಸಾಗಿದ್ದಾಗ ಒಂದೇ ಸಲ ನೋಡಿದ್ದು. ತಿಂಗಳಿಗೊಂದು ಕ್ಯಾಸೆಟ್ಟಿನ ತುಂಬ ಮಾತಾಡಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ. ಕೊನೆಗೂ ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕಿ ಅವರು ಬಂದಿಳಿದ ದಿನ, ಮೂರು ವರ್ಷದ ಮಗು ಅವನ ಮುಖ ನೋಡಿ ತಾಯಿಯ ಬೆನ್ನಿಗೆ ಅಡಗಿಕೊಂಡಿತು. "ರಿಹಾಮ್" ಎಂದು ಕರೆದ. ಮಗು ತಟ್ಟನೆ ತಲೆಯೆತ್ತಿತು. ಅವನ ಕಡೆಗಲ್ಲ, ಟೇಪ್ ರೆಕಾರ್ಡರ್ ಎಲ್ಲಿಟ್ಟಿದ್ದಾರೆ ಎಂದು ಸುತ್ತ ಹುಡುಕಿತು. ವಿಮಾನ ನಿಲ್ದಾಣದಲ್ಲಿ, ಅಷ್ಟು ಜನರೆದುರಿಗೆ, ರಿಫಾತ್ ಅತ್ತುಬಿಟ್ಟಿದ್ದ. ಅದಾಗಿ ನಾಲ್ಕು ವರ್ಷವಾಯಿತು.

ಆ ಮನೆ ಈಗ ಒಂದು ಕಾಗದದ ದೂರದಲ್ಲಿ ನಿಂತಿತ್ತು. ಕಾಂಪೌಂಡಿನ ಕಾನೂನೇ ಹಾಗೆ: ಒಂದು ವರ್ಷದಲ್ಲಿ ಮೂರು ಎಚ್ಚರಿಕೆ ಕಾಗದ ಬಂದರೆ ಮನೆ ರದ್ದು, ಸಂಸಾರ ಊರಿಗೆ, ಗಂಡಸು ಬ್ಯಾಚುಲರ್ ಕ್ಯಾಂಪಿಗೆ. ಕಾಗದ ಬರೆಯುವವನು ಹೌಸಿಂಗ್ ಆಫೀಸಿನ ಅಬು ಮಿಶಾಲ್. ಇದೇ ಕಡಲತೀರದಲ್ಲಿ ಹುಟ್ಟಿದವನು, ಬಿಳಿ ನಿಲುವಂಗಿಯ ಇಸ್ತ್ರಿ ಒಂದು ದಿನವೂ ಮುರಿಯದವನು. ಕಳೆದ ಜೂನಿನಲ್ಲಿ ತಫೀದಾ ಮಗನ ಮನೆಗೆ ಬಂದಳು. ಹತ್ತು ತಿಂಗಳಲ್ಲಿ ಎರಡು ಕಾಗದ ಬಂದವು.

ಮೊದಲನೆಯದು ಐದು ಬಾತುಕೋಳಿಗಳ ಲೆಕ್ಕಕ್ಕೆ. "ಅಮ್ಮಾ, ಕಂಪನಿಯವರು ಕೊಟ್ಟಿರೋ ಸ್ನಾನದ ತೊಟ್ಟೀಲಿ ಬಾತುಕೋಳಿ ಯಾಕಮ್ಮಾ?" ಎಂದು ಮಗ ಕೇಳಿದ್ದಕ್ಕೆ, "ಮತ್ತೆಲ್ಲಿ ಬಿಡ್ಲಿ? ಈ ಮರಳುಗಾಡಲ್ಲಿ ನೀರಿರೋ ಜಾಗ ಅದೊಂದೇ" ಅಂದಿದ್ದಳು. ಎರಡನೆಯದು ಹಿತ್ತಲಿಗೆ. ಕಂಪನಿ ನೀರುಣಿಸಿ ಬೆಳೆಸಿದ ಹುಲ್ಲನ್ನು ಕಿತ್ತು, ಮಣ್ಣು ತುಳಿದು, ರೊಟ್ಟಿ ಸುಡಲು ಒಲೆ ಕಟ್ಟಿದ್ದಳು. "ಇಷ್ಟು ಹುಲ್ಲು ಬೆಳೆಸಿದಾರೆ, ಮೇಯೋಕೆ ಒಂದು ಎಮ್ಮೆ ಇಲ್ಲ. ನೋಡೋಕಂತೆ. ಹುಲ್ಲನ್ನ ಯಾರಾದ್ರೂ ನೋಡ್ತಾರೇನೋ?"

ಆಮೇಲೆ ರಿಫಾತ್ ಅವಳ ಮುಂದೆ ಮಂಡಿಯೂರಿ ಕೂತು, ಫಸೀಖ್ ಒಂದು ಮಾತ್ರ ಬೇಡ, ನನ್ನ ಸಂಸಾರ ಉಳಿಸು ಎಂದು ಬೇಡಿಕೊಂಡಿದ್ದ. "ಆಯ್ತು ಬಿಡು ಮಗನೇ. ನಿನ್ನ ಕಣ್ಣಿಗೆ ಬೀಳಲ್ಲ" ಅಂದಳು. ಅವನು ಅದನ್ನು ಒಪ್ಪಿಗೆ ಅಂದುಕೊಂಡ. ಅವಳೂ ಮಾತಿಗೆ ತಪ್ಪಲಿಲ್ಲ, ಮೀನು ಅವನ ಕಣ್ಣಿಗೆ ಬೀಳಲೇ ಇಲ್ಲ.

ಎಲ್ಲಿಟ್ಟಳು ಎನ್ನುವುದು ಅವನಿಗೆ ಈಗ ಹೊಳೆಯಿತು. ನಡುಮನೆಯ ಪಕ್ಕದಲ್ಲಿ ಜಾಲರಿ ಬಾಗಿಲಿನ ಒಂದು ಬೀರು ಇತ್ತು. ಇದರಲ್ಲೇನಿದೆ ಎಂದು ಅವಳು ಚಳಿಗಾಲದಲ್ಲಿ ಕೇಳಿದ್ದಳು. ಅದು ಏಸಿಯದು, ಕಂಪನಿಯವರದು, ನಾವ್ಯಾರೂ ತೆಗೆಯುವುದಿಲ್ಲ ಎಂದು ಅವನೇ ಹೇಳಿದ್ದ. ಕತ್ತಲು, ಯಾರೂ ತೆಗೆಯದ ಬಾಗಿಲು. ಮೀನು ಹುಳಿಯುವುದಕ್ಕೆ ಇನ್ನೇನು ಬೇಕು. ಪಾಪ, ಅವಳಿಗೆ ಗೊತ್ತಿಲ್ಲದ್ದು ಒಂದೇ. ಚಳಿಗಾಲ ಪೂರ್ತಿ ಮಲಗಿರುವ ಏಸಿಯನ್ನು ಕಂಪನಿ ಏಪ್ರಿಲ್ ತಿಂಗಳ ಗೊತ್ತಾದ ಒಂದು ದಿನ, ಬೆಳಿಗ್ಗೆ ಹತ್ತಕ್ಕೆ, ಇಡೀ ಕಾಂಪೌಂಡಿಗೆ ಒಟ್ಟಿಗೇ ಹಚ್ಚುತ್ತದೆ. ಒಂದು ಸಾಲಿನ ಆರು ಮನೆಗೂ ಗಾಳಿಯ ಕೊಳವೆ ಒಂದೇ. ಈ ವರ್ಷ ಆ ದಿನ ಇವತ್ತಾಗಿತ್ತು.

ಫುಟ್‌ಬಾಲ್ ಮೈದಾನದಲ್ಲಿ ಜನ ಸೇರಿತ್ತು. ಸೈರನ್ನು ಕೂಗಿದರೆ ಕೈಗೆ ಏನೂ ತೆಗೆದುಕೊಳ್ಳದೆ ಬರಬೇಕು ಎಂದು ರಿಫಾತ್ ವರ್ಷಕ್ಕೆ ನಾಲ್ಕು ಸಲ ಪಾಠ ಹೇಳುತ್ತಿದ್ದ. ಒಬ್ಬಳು ಹೊಲಿಗೆ ಯಂತ್ರ ಹೊತ್ತು ತಂದಿದ್ದಳು, ಒಬ್ಬ ಟಿವಿಯನ್ನು ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡಿದ್ದ. ಫೋನು ಮಾಡಿದ್ದ ಸಿ ಸಾಲಿನ ಹೆಂಗಸು ಇದ್ದಕ್ಕಿದ್ದಂತೆ, "ನಂಗೀಗ ವಾಸನೇನೇ ಬರ್ತಿಲ್ಲ" ಅಂದಳು. ಅದೂ ರಿಫಾತನ ಪಾಠದಲ್ಲೇ ಇತ್ತು: ವಾಸನೆ ನಿಂತಿತೆಂದು ಖುಷಿಪಡಬೇಡಿ, ಮೊದಲು ಮೂಗು ಸಾಯುತ್ತದೆ, ಆಮೇಲೆ ನೀವು. ಆಕೆ ಮೆಲ್ಲಗೆ ಹುಲ್ಲಿನ ಮೇಲೆ ಕೂತು ಬಳೆಗಳನ್ನು ಬಿಚ್ಚಿ ಮಗಳ ಕೈಗೆ ಕೊಡತೊಡಗಿದಳು.

ಈಜಿಪ್ಟಿನ ಒಂಬತ್ತು ಸಂಸಾರಗಳು ಮಾತ್ರ ಒಂದು ಮೂಲೆಯಲ್ಲಿ ಬಾಯಿ ಬಿಗಿಹಿಡಿದು ನಿಂತಿದ್ದವು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಕೌಂಟ್ಸಿನ ಲಬೀಬ್, ಐವತ್ತೈದು ದಿನದ ಉಪವಾಸ ನಿನ್ನೆಯಷ್ಟೇ ಮುಗಿಸಿದ ಕ್ರೈಸ್ತ, ರಿಫಾತನ ಕಿವಿಯ ಹತ್ತಿರ ಬಂದ.

"ಇಪ್ಪತ್ತೈದು ದಿನದ್ದಾ?"

"ಏನು?"

"ಇಪ್ಪತ್ತೈದಕ್ಕಿಂತ ಜಾಸ್ತಿನೇ ಇರ್ಬೇಕು. ನಿಮ್ಮಮ್ಮನ ಕೈಗೆ ಬಂಗಾರದ ಬಳೆ ಹಾಕ್ಬೇಕು ಕಣಯ್ಯಾ. ಎಷ್ಟು ಮೀನು?"

"ಬಾಯ್ಮುಚ್ಚು ಲಬೀಬ್."

"ನಾನ್ಯಾಕೆ ಬಾಯಿ ಬಿಡ್ಲಿ? ಒಂದು ಮೀನು ನಂಗೆ ಅಂತ ಎತ್ತಿಡು, ಅಷ್ಟೇ."

ಅಷ್ಟರಲ್ಲಿ ತಲೆ ಎಣಿಸುವವನು ಪಟ್ಟಿ ಹಿಡಿದು ಓಡಿ ಬಂದ. ಎಲ್ಲ ಮನೆಯವರೂ ಬಂದಿದ್ದಾರೆ, ಸಿ ಐದರಲ್ಲಿ ಒಬ್ಬರು ಕಡಿಮೆ. ಸಿ ಐದು ರಿಫಾತನದೇ ಮನೆ. ಬುಸೈನಾ ಬಿಳಿಚಿಕೊಂಡು ನಿಂತಿದ್ದಳು. "ಅತ್ತೆ ಹಿಂದೇನೇ ಬರ್ತೀನಿ ಅಂದ್ರು ಕಣ್ರೀ. ನೀನು ನಡಿ, ಚಪ್ಪಲಿ ಹಾಕ್ಕೊಂಡು ಬಂದೆ ಅಂದ್ರು. ಆಣೆ ಮಾಡಿ ಹೇಳ್ತೀನಿ, ಆ ಮೀನಿನ ವಿಷ್ಯ ನಂಗೂ ಈಗ್ಲೇ ಮೂಗಿಗೆ ಬಡಿದಿದ್ದು."

ಸ್ವಲ್ಪ ದೂರದಲ್ಲಿ ಅಬು ಮಿಶಾಲ್ ಕಾಗದದ ಪುಸ್ತಕವನ್ನು ಕಂಕುಳಲ್ಲಿಟ್ಟು, ಮೂಗು ಗಾಳಿಗೆ ಕೊಟ್ಟು ನಿಂತಿದ್ದ. ಕುಂಬಳಕಾಯಿ ಕಳ್ಳ ಅಂದವರಿಲ್ಲ, ಆದರೂ ರಿಫಾತ್ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ಮುಖ ತಿರುಗಿಸಿದ.

ಗಿಲ್‌ಕ್ರಿಸ್ಟ್ ಮತ್ತು ಅವನು ಮುಖವಾಡ ಬಿಗಿದು ಸಿ ಐದರೊಳಗೆ ನುಗ್ಗಿದರು. ತಫೀದಾ ಏಸಿಯ ಬೀರುವಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಒದ್ದೆ ಟವೆಲುಗಳನ್ನು ಜಾಲರಿಗೆ ತುರುಕಿದ್ದಾಯಿತು. ಮಡಿಲಲ್ಲಿ ಕಂಪನಿಯದೇ ಕಿತ್ತಳೆ ಬಣ್ಣದ ನೀರಿನ ಡಬ್ಬ. ಅದರ ಮುಚ್ಚಳ ಒಂದು ಕಡೆ ಎದ್ದಿತ್ತು.

"ಬಾಗ್ಲು ಹಾಕ್ಕೊಳ್ರೋ" ಅಂದಳು, "ವಾಸನೆ ಆಚೆ ಹೋಗತ್ತೆ."

ಗಿಲ್‌ಕ್ರಿಸ್ಟ್ ನಿಂತಲ್ಲೇ ನಿಂತ. ಮುಖವಾಡವಿಲ್ಲದೆ, ಬರೀ ಮೂಗಿನಲ್ಲಿ, ಅರವತ್ತು ದಾಟಿದ ಹೆಂಗಸು ಆರಾಮವಾಗಿ ಉಸಿರಾಡುತ್ತಿದ್ದಳು. ಅವನು ಬಗ್ಗಿ ಮೀಟರಿನ ಕೊಳವೆಯನ್ನು ಡಬ್ಬದ ಬಾಯಿಗೆ ಹಿಡಿದ. ಮುಳ್ಳು ಒಂದು ಕೂದಲೆಳೆಯಷ್ಟು ಅಲುಗಿತು.

"ಕೆಟ್ಟಿಲ್ಲ" ಎಂದ, ನೆಮ್ಮದಿಯಿಂದ. ಆಮೇಲೆ ಮುಖವಾಡ ತೆಗೆದ. ತೆಗೆದದ್ದು ತಪ್ಪಾಯಿತು. ಕೆಮ್ಮು ಬಂತು, ಎರಡೂ ಕಣ್ಣಿಂದ ನೀರು ಇಳಿಯಿತು.

"ಈ ಆನೆಮೂತಿಯವನು ಯಾಕೆ ಅಳ್ತಿದಾನೆ? ಅವರ ಮನೇಲಿ ಯಾರಾದ್ರೂ ತೀರಿಕೊಂಡ್ರಾ?" ಎಂದು ತಫೀದಾ ಮಗನನ್ನು ಕೇಳಿದಳು.

"ಏನಂತೆ?" ಎಂದ ಅರಬ್ಬಿ ಬಾರದ ಗಿಲ್‌ಕ್ರಿಸ್ಟ್.

"ನೀರು ಬೇಕಾ ಅಂತ ಕೇಳ್ತಿದಾರೆ ಸರ್."

"ಬೇಡ. ಇದು ಏನು?"

"ಮೀನು ಸರ್."

"ಎಸೆಯುವುದಕ್ಕೆ ಮರೆತಿರಾ?"

"ತಿನ್ನೋದಕ್ಕೆ ಸರ್."

"ಯಾರು?"

"ನಾವು."

ಗಿಲ್‌ಕ್ರಿಸ್ಟನ ಸೊಂಟದ ರೇಡಿಯೋ ಕರಕರ ಅಂದು, ಅದರೊಳಗಿಂದ ಅಬು ಮಿಶಾಲನ ದನಿ ಬಂತು. "ಗ್ಯಾಸಾ, ಬೇರೇನಾದ್ರೂನಾ? ಯಾವ ಮನೆ ಅಂತ ಹೇಳಿ. ಪುಸ್ತಕ ನನ್ನ ಕೈಲೇ ಇದೆ."

ಆ ದನಿಯನ್ನು ತಫೀದಾ ಗುರುತು ಹಿಡಿದಳು. ಬಾತುಕೋಳಿಗಳನ್ನು ಎಣಿಸಿದ ದನಿ ಅದು. ಅವಳ ಮುಖದ ಗತ್ತು ಇಳಿದುಹೋಯಿತು. ಡಬ್ಬವನ್ನು ಕೆಳಗಿಟ್ಟು, ಗೋಡೆ ಹಿಡಿದು ಎದ್ದಳು.

"ಮಗನೇ, ನಿಮ್ಮ ಸಾಹೇಬನಿಗೆ ಹೇಳು. ಕಾಗದ ನನ್ನ ಹೆಸರಿಗೆ ಬರೀಲಿ. ಮಾಡಿದ್ದು ನಾನು, ಇಟ್ಟಿದ್ದು ನಾನು. ನನ್ನ ಇವತ್ತೇ ವಿಮಾನ ಹತ್ತಿಸ್ಲಿ, ಬೇಕಾದ್ರೆ ನಡ್ಕೊಂಡೇ ಹೋಗ್ತೀನಿ. ಮನೆ ಮಾತ್ರ ಮುಟ್ಟೋದು ಬೇಡ. ಮೂರು ವರ್ಷ ಆ ಮಗು ನನ್ನ ತೊಡೆ ಮೇಲೆ ಕೂತು ಟೇಪಿಗೆ ಮುತ್ತು ಕೊಡೋದನ್ನ ನೋಡಿದೀನಿ ಕಣೋ. ಇನ್ನೊಂದ್ಸಲ ನೋಡೋ ಶಕ್ತಿ ನಂಗಿಲ್ಲ."

ಗಿಲ್‌ಕ್ರಿಸ್ಟ್ ರಿಫಾತನ ಕಡೆ ತಿರುಗಿದ. ರಿಫಾತ್ ಕಳಚಿಕೊಂಡಿದ್ದ ಮುಖವಾಡವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಮನೆ ನನ್ನ ಹೆಸರಲ್ಲಿದೆ ಸರ್. ತಪ್ಪು ನಂದು."

"ಅಷ್ಟೇನಾ?" ಎಂದಳು ತಫೀದಾ ಅನುಮಾನದಿಂದ. "ನಾನು ಅಷ್ಟುದ್ದ ಹೇಳಿದ್ದು ಅವರ ಭಾಷೇಲಿ ಇಷ್ಟೇ ಆಗೋದಾ?"

ಗಿಲ್‌ಕ್ರಿಸ್ಟ್ ಕಣ್ಣೊರೆಸಿಕೊಂಡು ಗಡಿಯಾರ ನೋಡಿದ. ಮುದುಕಿಯನ್ನು ನೋಡಿದ. ಮತ್ತೆ ಗಡಿಯಾರ. "ಸೈರನ್ನಿನಿಂದ ತಲೆ ಎಣಿಸಿ ಮುಗಿಯೋವರೆಗೆ ಎಷ್ಟು ಹೊತ್ತಾಯಿತು?"

"ಎಂಟು ನಿಮಿಷ ಸರ್."

"ಹೋದ ಸಲದ ಡ್ರಿಲ್‌ನಲ್ಲಿ?"

"ಇಪ್ಪತ್ತಾರು. ಮುಂಚೇನೇ ಹೇಳಿದ್ವಲ್ಲ, ಅರ್ಧ ಜನ ಪೇಟೆಗೆ ಹೋಗಿಬಿಟ್ಟಿದ್ರು."

ಮುಂದಿನ ತಿಂಗಳು ಹೆಡ್ ಆಫೀಸಿನಿಂದ ತಪಾಸಣೆಗೆ ಜನ ಬರುವವರಿದ್ದರು. ಗಿಲ್‌ಕ್ರಿಸ್ಟನ ರಾತ್ರಿಯ ನಿದ್ದೆ ಕೆಡಿಸಿದ್ದು ಅದೇ ಇಪ್ಪತ್ತಾರು ನಿಮಿಷ. ಅವನು ರೇಡಿಯೋ ಬಾಯಿಗಿಟ್ಟುಕೊಂಡ. "ಎಲ್ಲರಿಗೂ ತಿಳಿಸಿ. ಇದು ಡ್ರಿಲ್. ಎಂಟು ನಿಮಿಷ. ಬಹಳ ಚೆನ್ನಾಗಿ ಮಾಡಿದ್ದೀರಿ."

ರೇಡಿಯೋದಿಂದ ಅಬು ಮಿಶಾಲ್ ಕೇಳಿದ, "ಡ್ರಿಲ್ಲಿಗೆ ಮೀನಿನ ವಾಸನೆ ಬರತ್ತಾ ಸರ್?"

ಐದು ನಿಮಿಷಕ್ಕೆ ಅವನೇ ಬಂದ. ಬೀರು ನೋಡಿದ, ಟವೆಲು ನೋಡಿದ, ಕಿತ್ತಳೆ ಡಬ್ಬದ ಮೇಲಿನ ಕಂಪನಿಯ ಗುರುತು ಓದಿದ. "ಗ್ಯಾಸು ಸಾಹೇಬರದು, ನಾನು ಮಾತಾಡಲ್ಲ. ಮನೆ ನಂದು" ಎಂದು, ನಿಂತಲ್ಲೇ ಪುಸ್ತಕ ತೆಗೆದು ಬರೆದ. ಇವತ್ತಿನ ತಾರೀಖು, ಮನೆಯ ನಂಬರು, ಕೊನೆಗೆ ಸಹಿ. ಹಾಳೆಯನ್ನು ಹರಿದು ಮಡಿಸಿ ಎದೆಯ ಜೇಬಿಗೆ ಸೇರಿಸಿದ. "ಊಟ ಆದ್ಮೇಲೆ ಆಫೀಸಿಗೆ ಕೊಡ್ತೀನಿ. ಡಬ್ಬ ಒಂದು ಗಂಟೆಯೊಳಗೆ ಗೇಟಿನಾಚೆ ಇರ್ಬೇಕು. ಕಂಪನಿ ಗಾಡೀಲಿ ಬೇಡ."

ಗಿಲ್‌ಕ್ರಿಸ್ಟ್ ಏನೋ ಹೇಳಲು ಹೋಗಿ, ಮತ್ತೆ ಕೆಮ್ಮು ಬಂದು ಹೊರಗೋಡಿದ.

ಹಾಗಾಗಿ ಹನ್ನೊಂದೂವರೆಗೆ ರಿಫಾತ್ ಡಬ್ಬವನ್ನು ಹೆಗಲ ಮೇಲೆ ಹೊತ್ತು ಕಾಂಪೌಂಡಿನ ನಡುರಸ್ತೆಯಲ್ಲಿ ನಡೆದ. ಮುಂದೆ ತಫೀದಾ, ಹಿಂದೆ ಬುಸೈನಾ ಮತ್ತು ಶಾಲೆ ಬೇಗ ಬಿಟ್ಟಿದ್ದಕ್ಕೆ ಕುಣಿಯುತ್ತಿದ್ದ ರಿಹಾಮ್. ಗೇಟಿನ ಕಾವಲುಗಾರ ಡಬ್ಬ ತೆರೆದು ತೋರಿಸಿ ಎಂದು ಹತ್ತಿರ ಬಂದವನು, ತೆರೆಯುವ ಮುಂಚೆಯೇ ಹೋಗಿ ಹೋಗಿ ಎಂದು ಕೈ ಬೀಸಿದ. ಗೇಟು ದಾಟಿ ರಿಫಾತ್ ತಿರುಗಿ ನೋಡಿದರೆ, ಊಟದ ಬಿಡುವಿನ ನೆಪದಲ್ಲಿ ಲಬೀಬ್ ಬರುತ್ತಿದ್ದ. ಅವನ ಹಿಂದೆ ಒಂದೊಂದೇ ಸಂಸಾರ, ಒಬ್ಬರ ಕೈಯಲ್ಲಿ ಎಳೆ ಈರುಳ್ಳಿಯ ಕಟ್ಟು, ಇನ್ನೊಬ್ಬರ ಕೈಯಲ್ಲಿ ರೊಟ್ಟಿ, ಬಣ್ಣದ ಮೊಟ್ಟೆ, ಚಾಪೆ.

ಸಮುದ್ರದ ದಂಡೆಯಲ್ಲಿ ಗಾಳಿಗೆ ಬೆನ್ನು ಮಾಡಿ ಕೂತರು. ತಫೀದಾ ಮೀನು ಬಿಡಿಸಿ, ನಿಂಬೆ ಹಿಂಡಿ, ಎಣ್ಣೆ ಸುರಿದು ಹಂಚಿದಳು. ತಿಂದವರೆಲ್ಲ ಕಣ್ಣು ಮುಚ್ಚಿಕೊಂಡರು. ರಿಫಾತನಿಗೆ ಮಾತ್ರ ತುತ್ತು ಇಳಿಯಲಿಲ್ಲ. ಹಬ್ಬವಂತೆ ಹಬ್ಬ. ಇವತ್ತು ಸಂಜೆಯೊಳಗೆ ಕಾಗದ ಬರುತ್ತದೆ, ತಿಂಗಳೊಳಗೆ ಇವರೆಲ್ಲ ವಿಮಾನ ಹತ್ತುತ್ತಾರೆ, ತಾನು ಮತ್ತೆ ಕ್ಯಾಸೆಟ್ ಅಂಗಡಿಗೆ. ತಾಯಿಯ ಮೇಲೆ ಕೋಪ ಉಕ್ಕಿತು. ಅವಳು ತನ್ನ ಪಾಲನ್ನು ಮುಟ್ಟದೆ ಕೂತಿದ್ದು ಕಂಡು ಆ ಕೋಪವೂ ನಿಲ್ಲಲಿಲ್ಲ.

"ಬಂದ" ಅಂದ ಲಬೀಬ್.

ಮರಳಿನಲ್ಲಿ ನಿಲುವಂಗಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಅಬು ಮಿಶಾಲ್ ನಡೆದು ಬಂದ. ರಿಫಾತ್ ಎದ್ದು ನಿಂತ.

"ಡಬ್ಬ ಆಚೆ ಬಂತಾ ಅಂತ ನೋಡೋಕೆ ಬಂದೆ" ಅಂದ ಅಬು ಮಿಶಾಲ್. ಡಬ್ಬ ನೋಡಿದ. ನೋಡಿಯಾದ ಮೇಲೂ ಹೋಗಲಿಲ್ಲ.

"ಕೂತ್ಕೋ ಮಗನೇ" ಎಂದಳು ತಫೀದಾ. "ನಿಮ್ಮ ಕಡಲಿನ ಮೀನೇ ಇದು. ಉಪ್ಪು ಮಾತ್ರ ನಂದು."

"ನಂಗೆ ಕೆಲ್ಸ ಇದೆ."

"ಕೆಲ್ಸ ಎಲ್ಲಿಗೋಗತ್ತೆ? ಹಬ್ಬದ ದಿನ ನಿಂತ್ಕೊಂಡು ನೋಡೋರಿಗೆ ಕೊಡದೆ ತಿಂದ್ರೆ ನಮಗೆ ಹೊಟ್ಟೆನೋವು ಬರತ್ತೆ. ನಮ್ಮ ಒಳ್ಳೇದಕ್ಕಾದ್ರೂ ಕೂತ್ಕೋ."

ಅಬು ಮಿಶಾಲ್ ಚಾಪೆಯ ತುದಿಯಲ್ಲಿ ಕೂತ, ಎದ್ದು ಹೋಗುವವನ ಹಾಗೆ. ಅವಳು ಮೀನಿನ ದೊಡ್ಡ ತುಂಡೊಂದನ್ನು ಎತ್ತಿದಳು, ಎಣ್ಣೆ ತೊಟ್ಟಿಕ್ಕುತ್ತಿತ್ತು. ಅವನು ತನ್ನ ಬಿಳಿ ಅಂಗಿಯನ್ನು ನೋಡಿಕೊಂಡು ಗಾಬರಿಯಾದ. ಕೆಳಗೆ ಹಾಸಿಕೊಳ್ಳಲು ಏನಾದರೂ ಇದೆಯೇ ಎಂದು ಅತ್ತಿತ್ತ ನೋಡಿದ. ತಟ್ಟೆಗಳೆಲ್ಲ ಮುಗಿದಿದ್ದವು. ಕೈ ಎದೆಯ ಜೇಬಿಗೆ ಹೋಯಿತು. ಮಡಿಸಿದ ಹಾಳೆಯನ್ನು ತೆಗೆದ, ಬಿಡಿಸಿದ, ಒಂದು ಸಲ ಮೇಲಿಂದ ಕೆಳಗೆ ಓದಿದ. ಆಮೇಲೆ ಅದನ್ನು ತೊಡೆಯ ಮೇಲೆ ಹಾಸಿ, ಸುಕ್ಕು ಸವರಿದ.

ಮೀನು ಹಾಳೆಯ ಮೇಲೆ ಬಿತ್ತು. ಎಣ್ಣೆ ಹರಡಿ ಮನೆಯ ನಂಬರು ನೆನೆಯಿತು, ಶಾಯಿ ಕದಡಿತು. ಅಬು ಮಿಶಾಲ್ ಚೂರು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ.

"ನಿಂಬೆಹಣ್ಣು ಇನ್ನೂ ಇದ್ಯಾ?" ಎಂದು ಕೇಳಿದ.

ನಾಲ್ಕು ಕೈ ಒಟ್ಟಿಗೆ ನಿಂಬೆಹಣ್ಣು ಚಾಚಿದವು. ತಫೀದಾ ಮುಖವನ್ನು ತಲೆವಸ್ತ್ರದ ತುದಿಯಲ್ಲಿ ಒರೆಸಿಕೊಂಡು ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದಳು. ರಿಫಾತ್ ಮಗಳ ಪಕ್ಕದಲ್ಲಿ ಕೂತ. ಅಬು ಮಿಶಾಲ್ ಎರಡನೇ ತುಂಡೂ ಮುಗಿಸಿ, ಮುಳ್ಳುಗಳನ್ನೆಲ್ಲ ಹಾಳೆಯ ನಡುವೆ ಕೂಡಿಸಿ, ನಾಲ್ಕೂ ಮೂಲೆ ಎತ್ತಿ ಬಿಗಿಯಾಗಿ ಮುದುರಿ ಡಬ್ಬದೊಳಕ್ಕೆ ಹಾಕಿದ.

ಸರಿಯಾಗಿ ಹನ್ನೆರಡಕ್ಕೆ, ಪ್ರತಿ ಸೋಮವಾರದ ಹಾಗೆ, ಬೇಲಿಯ ಆಚೆಯಿಂದ ಪರೀಕ್ಷೆಯ ಸೈರನ್ನು ಕೂಗಿತು. ಯಾರೂ ತಲೆಯೆತ್ತಲಿಲ್ಲ. ರಿಹಾಮ್ ಒಬ್ಬಳೇ ಎದ್ದಳು. ಶಾಲೆಯಲ್ಲಿ ಅಪ್ಪನೇ ಕಲಿಸಿದಂತೆ ಓಡದೆ, ಗಾಳಿಗೆ ಅಡ್ಡಲಾಗಿ ನಡೆದು, ಕರವಸ್ತ್ರವನ್ನು ಅಲೆಯಲ್ಲಿ ಅದ್ದಿ ಹಿಂಡಿ ಮೂಗಿಗೆ ಒತ್ತಿ ಹಿಡಿದಳು. ಹಾಗೇ ಹಿಂದಿರುಗಿ ಬಂದು ಅಪ್ಪನ ಮುಖವನ್ನೇ ನೋಡುತ್ತ ಇನ್ನೊಂದು ಕೈ ಚಾಚಿದಳು.

"ಅಪ್ಪಾ, ಇನ್ನೊಂದು ತುಂಡು. ಮುಳ್ಳು ತೆಗೆದು ಕೊಡು."

ರಿಫಾತ್ ಮುಳ್ಳು ತೆಗೆಯತೊಡಗಿದ.